ಪ್ಯಾರಾಥೈರಾಯ್ಡ್ ಆಪರೇಶನ್: ಸರ್ಜನ್ ಆಯ್ಕೆ ಮಾಡೋದು ಹೇಗೆ?

ತುಂಗಾತೀರ (ಶಿವಮೊಗ್ಗ)
ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 61 ವರ್ಷ. ಕಿಡ್ನಿ ಕಲ್ಲು ಎರಡನೇ ಸಲ ಬಂದಿದೆ. ಜೊತೆಗೆ ಸುಸ್ತು, ಮೈಕೈ ನೋವು, ಸಣ್ಣಪುಟ್ಟ ಮರೆವು. ವಯಸ್ಸಾಯ್ತಲ್ಲ, ಇರುತ್ತೆ ಬಿಡು ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಈ ಸಲ ಕಲ್ಲು ನೋಡಿದ ಯೂರಾಲಜಿ ಡಾಕ್ಟರು ಕ್ಯಾಲ್ಸಿಯಂ ಬರೆದುಕೊಟ್ಟರು. 11.4 ಬಂತು, ಜಾಸ್ತಿ. ಇನ್ನೊಂದು ಲ್ಯಾಬಿನಲ್ಲಿ 11.6. ಪಿಟಿಎಚ್ (ಪ್ಯಾರಾಥೈರಾಯ್ಡ್ ಗ್ರಂಥಿ ಬಿಡುವ ಹಾರ್ಮೋನು) 178, ಅದೂ ಜಾಸ್ತಿ. ವಿಟಮಿನ್ ಡಿ 14. ಕುತ್ತಿಗೆಯಲ್ಲಿದ್ದು ರಕ್ತದ ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟಿರಬೇಕು, ಆಪರೇಶನ್ ಬೇಕಾಗುತ್ತೆ ಅಂದರು.

ನಮ್ಮೂರಿನ ಸರ್ಜನ್ ಹತ್ತಿರ ಹೋದೆವು. ಒಳ್ಳೆಯ ಮನುಷ್ಯರು, ನಮ್ಮ ಚಿಕ್ಕಪ್ಪನ ಹರ್ನಿಯಾ ಮಾಡಿದ್ದೂ ಅವರೇ. ಕೆಟ್ಟ ಗ್ರಂಥಿ ಎಲ್ಲಿದೆ ಅಂತ ತೋರಿಸುವ ಸೆಸ್ಟಮಿಬಿ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಅಂದರು. ಮಾಡಿಸಿದೆವು. ರಿಪೋರ್ಟಿನಲ್ಲಿ ಏನೂ ಕಾಣಲಿಲ್ಲ. "ಕಾಣದೆ ಕತ್ತು ಕುಯ್ಯೋಕಾಗಲ್ಲಮ್ಮ, ಆರು ತಿಂಗಳು ಬಿಟ್ಟು ನೋಡೋಣ" ಅಂದರು.

ಈಗ ಏನು ಮಾಡಬೇಕು? ಕಾಯಬೇಕಾ, ಬೆಂಗಳೂರಿಗೆ ಹೋಗಬೇಕಾ? ಯಾರಿಗೆ ತೋರಿಸಬೇಕು, ಇಎನ್‌ಟಿಯವರಿಗಾ, ಕ್ಯಾನ್ಸರ್ ಸರ್ಜನ್‌ಗಾ? ಅನುಭವ ಇದ್ದವರು ಹೇಳಿ.

ಹುಬ್ಬಳ್ಳಿ ಅಕ್ಕ
ನನಗೆ ಆಪರೇಶನ್ ಆಗಿದೆ, ಈಗ ಆರಾಮಾಗಿದ್ದೇನೆ. ಅಮ್ಮನಿಗೆ ಧೈರ್ಯ ಹೇಳಿ. ಕುತ್ತಿಗೆ ಗೆರೆಯಲ್ಲೇ ಸಣ್ಣ ಗಾಯ, ಸೀರೆ ಉಟ್ಟು ಸರ ಹಾಕಿಕೊಂಡರೆ ಯಾರಿಗೂ ಕಾಣಲ್ಲ.

ಆಪರೇಶನ್‌ಗಿಂತ ಕಷ್ಟವಾಗಿದ್ದು ಸರ್ಜನ್ ಹುಡುಕೋದೇ. ನಾನು ಮೊದಲು ನೋಡಿದವರಿಗೆ "ಸರ್, ಹೋದ ವರ್ಷ ನೀವು ಪ್ಯಾರಾಥೈರಾಯ್ಡ್ ಎಷ್ಟು ಮಾಡಿದ್ದೀರಿ?" ಅಂತ ಕೇಳಿದೆ. ಮುಖ ಸಣ್ಣದಾಯಿತು. "ಥೈರಾಯ್ಡ್ ದಿನಾ ಮಾಡ್ತೀವಿ, ಅದೂ ಅದೇ ಜಾಗ" ಅಂದರು. ಎದ್ದು ಬಂದೆ. ಎರಡನೆಯವರು ಸಂಖ್ಯೆ ಹೇಳಿದರು. ಚೀಟಿಯ ಹಿಂದೆ ಚಿಟ್ಟೆ ಥರ ಥೈರಾಯ್ಡ್ ಬರೆದು ಅದರ ಹಿಂದೆ ಪ್ಯಾರಾಥೈರಾಯ್ಡ್ ಅಂತ ನಾಲ್ಕು ಚುಕ್ಕಿ ಇಟ್ಟರು. ಆಮೇಲೆ ಎದೆಯ ಕಡೆ ಒಂದು ಬಾಣ, ಕಿವಿಯ ಕಡೆ ಒಂದು ಬಾಣ. "ಇಲ್ಲಿ ಸಿಗದಿದ್ದರೆ ಇಲ್ಲಿ ನೋಡ್ತೀನಿ, ಅಲ್ಲೂ ಇಲ್ಲದಿದ್ದರೆ ಇಲ್ಲಿ" ಅಂತ ಬೆರಳಿಟ್ಟು ತೋರಿಸಿದರು. ಅಲ್ಲೇ ಹೂಂ ಅಂದೆ.

ಬಿಳಿಕೋಟು
ನಾನು ಎಂಡೋಕ್ರೈನಾಲಜಿ (ಹಾರ್ಮೋನು ಕಾಯಿಲೆಗಳ) ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸರ್ಜನ್ ಅಲ್ಲ. ಅಮ್ಮನನ್ನು ನೋಡದೆ ಇಂಥದ್ದೇ ಮಾಡಿ ಅಂತ ಹೇಳಲಾರೆ. ಆದರೆ ಒಂದು ವಿಷಯ ಖಂಡಿತ ಹೇಳಬಹುದು.

ಈ ಕಾಯಿಲೆ ಇದೆಯೋ ಇಲ್ಲವೋ ಅನ್ನುವುದನ್ನು ರಕ್ತ ಹೇಳುತ್ತದೆ, ಸ್ಕ್ಯಾನ್ ಹೇಳುವುದಿಲ್ಲ. ಕ್ಯಾಲ್ಸಿಯಂ ಜಾಸ್ತಿಯಾದಾಗ ಪಿಟಿಎಚ್ ತಾನಾಗಿ ಇಳಿಯಬೇಕು. ಇಳಿಯದೆ ಅದೂ ಮೇಲೇ ಇದ್ದರೆ ಗ್ರಂಥಿ ಮಾತು ಕೇಳುತ್ತಿಲ್ಲ ಅಂತಲೇ ಲೆಕ್ಕ. ಸ್ಕ್ಯಾನ್ ಇರುವುದು ಸರ್ಜನ್‌ಗೆ ದಾರಿ ತೋರಿಸಲಿಕ್ಕೆ. ಗ್ರಂಥಿ ಚಿಕ್ಕದಿದ್ದರೆ, ಅಥವಾ ಒಂದಕ್ಕಿಂತ ಹೆಚ್ಚು ಗ್ರಂಥಿ ಕೆಟ್ಟಿದ್ದರೆ, ಸೆಸ್ಟಮಿಬಿಯಲ್ಲಿ ಏನೂ ಕಾಣದೆ ಇರುವುದು ಮಾಮೂಲು. ಸ್ಕ್ಯಾನ್ ಖಾಲಿ ಬಂತು ಅಂದರೆ ಕಾಯಿಲೆ ಇಲ್ಲ ಅಂತಲ್ಲ, ಆಪರೇಶನ್ ಬೇಡ ಅಂತಲೂ ಅಲ್ಲ. ಇನ್ನೂ ಹೆಚ್ಚು ಅನುಭವ ಇರುವವರ ಕೈ ಬೇಕು ಅಂತ ಅರ್ಥ.

ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಜಾನ್ ಡಾಪ್‌ಮನ್ ಅಂತ ರೇಡಿಯಾಲಜಿಸ್ಟ್ ಇದ್ದರು. ಈ ಗ್ರಂಥಿ ಹುಡುಕುವುದರಲ್ಲೇ ಹೆಸರಾದವರು. ಮೊದಲ ಸಲ ಆಪರೇಶನ್‌ಗೆ ಹೋಗುವ ರೋಗಿ ಪತ್ತೆ ಮಾಡಬೇಕಾದ್ದು ಒಂದನ್ನೇ, ಅನುಭವ ಇರುವ ಸರ್ಜನ್‌ರನ್ನು, ಅನ್ನುವ ಅರ್ಥದ ಮಾತು ಅವರದು. ಸ್ಕ್ಯಾನ್ ಮಾಡುವವರೇ ಹೀಗೆ ಅಂದಿದ್ದಾರೆ ನೋಡಿ.

ತುಂಗಾತೀರ ಅವರೇ, 24 ಗಂಟೆಯ ಮೂತ್ರದಲ್ಲಿ ಕ್ಯಾಲ್ಸಿಯಂ ನೋಡಿಸಿದ್ದೀರಾ? ಅಮ್ಮ ಬಿಪಿಗೆ ಯಾವ ಮಾತ್ರೆ ತಗೋತಾರೆ?

ತುಂಗಾತೀರ
ಮೂತ್ರ ನೋಡಿಸಿಲ್ಲ ಸರ್. ಬಿಪಿ ಮಾತ್ರೆಯ ಹಾಳೆಯಲ್ಲಿ ಟೆಲ್ಮಿಸಾರ್ಟಾನ್, ಪಕ್ಕದಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಅಂತ ಇದೆ.

ಬಿಳಿಕೋಟು
ಆ ಎರಡನೆಯದು ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದನ್ನು ಕಡಿಮೆ ಮಾಡುತ್ತದೆ, ರಕ್ತದಲ್ಲಿ ಏರಿಸುತ್ತದೆ. ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ ರಿಪೋರ್ಟ್ ತೋರಿಸಿ, ಬೇರೆ ಬಿಪಿ ಮಾತ್ರೆಗೆ ಬದಲಿಸಬಹುದಾ ಅಂತ ಕೇಳಿ. ಬದಲಿಸಿದ ಮೇಲೆ ಕೆಲವು ವಾರ ಬಿಟ್ಟು ಮತ್ತೆ ಕ್ಯಾಲ್ಸಿಯಂ ನೋಡುವುದು ವಾಡಿಕೆ. ಲಿಥಿಯಂ ತಗೊಳ್ಳುವವರಿಗೂ ಈ ಗೊಂದಲ ಬರುತ್ತದೆ.

ಮೂತ್ರ ಪರೀಕ್ಷೆ ಯಾಕೆ ಅಂದರೆ, ಹುಟ್ಟಿನಿಂದಲೇ ಕ್ಯಾಲ್ಸಿಯಂ ಸ್ವಲ್ಪ ಜಾಸ್ತಿ ಇರುವ ಮನೆತನಗಳಿವೆ. ಎಫ್‌ಎಚ್‌ಎಚ್ ಅಂತ ಕರೆಯುತ್ತಾರೆ. ಅವರಿಗೂ ಕ್ಯಾಲ್ಸಿಯಂ ಮೇಲಿರುತ್ತದೆ, ಪಿಟಿಎಚ್ ಕೂಡ ಇಳಿದಿರುವುದಿಲ್ಲ. ಆದರೆ ಮೂತ್ರದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ ಹೋಗುತ್ತದೆ. ಆಪರೇಶನ್ ಮಾಡಿದರೆ ಅವರಿಗೆ ಉಪಯೋಗವೇ ಇಲ್ಲ. ಕಿಡ್ನಿ ಕಲ್ಲು ಇರುವ ನಿಮ್ಮ ಅಮ್ಮನಿಗೆ ಅದಿರುವ ಸಾಧ್ಯತೆ ಕಡಿಮೆ. ಆದರೂ ಒಳ್ಳೆಯ ಸರ್ಜನ್ ಈ ರಿಪೋರ್ಟ್ ಕೇಳಿಯೇ ಕೇಳುತ್ತಾರೆ. ಕೇಳದೆ ತಾರೀಖು ಕೊಟ್ಟರೆ ನನಗಂತೂ ಅನುಮಾನ ಬರುತ್ತದೆ.

ಟೆಸ್ಟ್‌ಟ್ಯೂಬ್
ಲ್ಯಾಬ್ ಕಡೆಯಿಂದ ಎರಡು ಮಾತು. ಪಿಟಿಎಚ್‌ಗೆ ಸಾಮಾನ್ಯವಾಗಿ ನೇರಳೆ ಮುಚ್ಚಳದ ಟ್ಯೂಬ್ ಹಿಡಿಯುತ್ತೇವೆ, ಅದರಲ್ಲಿ ಇಡಿಟಿಎ ಇರುತ್ತದೆ. ಆ ಟ್ಯೂಬಿನ ರಕ್ತದಲ್ಲಿ ಕ್ಯಾಲ್ಸಿಯಂ ನೋಡಲೇಬಾರದು. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ರಿಪೋರ್ಟ್ ಸುಳ್ಳು ಸುಳ್ಳೇ ಕಡಿಮೆ ಬರುತ್ತದೆ. ಅದಕ್ಕೇ ಒಂದೇ ಸಲ ಚುಚ್ಚಿ, ಬೇರೆ ಬೇರೆ ಟ್ಯೂಬಿಗೆ ತುಂಬುವುದು. ಕ್ಯಾಲ್ಸಿಯಂ, ಪಿಟಿಎಚ್ ಎರಡೂ ಒಂದೇ ಹೊತ್ತಿನ ರಕ್ತದಲ್ಲಿರಲಿ. ಹೋದ ತಿಂಗಳಿನ ಕ್ಯಾಲ್ಸಿಯಂ ಪಕ್ಕ ಈ ತಿಂಗಳಿನ ಪಿಟಿಎಚ್ ಇಟ್ಟು ನೋಡಿದರೆ ಲೆಕ್ಕ ಕೂಡಲ್ಲ.

ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಕೂಡ ಇರಲಿ. ಅದು 4ಕ್ಕಿಂತ ಕಡಿಮೆಯಿದ್ದರೆ, ಪ್ರತಿ 1 ಗ್ರಾಂ ಕೊರತೆಗೆ ಕ್ಯಾಲ್ಸಿಯಂಗೆ 0.8 ಸೇರಿಸಿ ನೋಡುವ ಪದ್ಧತಿ ಇದೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುವವರು ಅದನ್ನೂ ಹೇಳಿಬಿಡಿ, ಕೆಲವು ಮೆಷಿನ್‌ಗಳಲ್ಲಿ ಪಿಟಿಎಚ್ ಲೆಕ್ಕ ತಪ್ಪಿಸುತ್ತದೆ.

ಮಂಡ್ಯದ ಬೆಲ್ಲ
ಕ್ಯಾಲ್ಸಿಯಂ ಜಾಸ್ತಿ ಅಂದ್ರೆ ಹಾಲು, ಮೊಸರು, ರಾಗಿ ಬಿಟ್ಟರೆ ಸಾಕಲ್ವಾ? ಆಪರೇಶನ್ ಯಾಕೆ ಸುಮ್ನೆ?

ಬಿಳಿಕೋಟು
ಬಿಡಬೇಡಿ. ಈ ಕ್ಯಾಲ್ಸಿಯಂ ಬರುತ್ತಿರುವುದು ತಟ್ಟೆಯಿಂದಲ್ಲ, ಮೂಳೆಯಿಂದ. ಊಟದಲ್ಲಿ ಸಿಗದಿದ್ದರೆ ಪಿಟಿಎಚ್ ಇನ್ನೂ ಏರುತ್ತದೆ, ಮೂಳೆ ಇನ್ನೂ ಸವೆಯುತ್ತದೆ. ಮುದ್ದೆ, ಮಜ್ಜಿಗೆ ಎಂದಿನಂತೆ ನಡೆಯಲಿ. ನೀರು ಮಾತ್ರ ಚೆನ್ನಾಗಿ ಕುಡಿಯಬೇಕು, ವಾಂತಿ ಭೇದಿ ಆದಾಗಲಂತೂ ಒಣಗಲು ಬಿಡಬಾರದು. ಕ್ಯಾಲ್ಸಿಯಂ ಇಳಿಸಲು ಸಿನಾಕ್ಯಾಲ್ಸೆಟ್ ಅಂತ ಮಾತ್ರೆ ಇದೆ, ಆಪರೇಶನ್ ಮಾಡಿಸಿಕೊಳ್ಳಲಾಗದವರಿಗೆ ಕೊಡುತ್ತಾರೆ. ಅದು ಕೆಟ್ಟ ಗ್ರಂಥಿಯನ್ನು ತೆಗೆದುಹಾಕುವುದಿಲ್ಲ.

ಇನ್ನೊಂದು ಎಚ್ಚರಿಕೆ ಓದುತ್ತಿರುವ ಬೇರೆಯವರಿಗೆ. ಕ್ಯಾಲ್ಸಿಯಂ ಸರಿಯಿದ್ದು ಪಿಟಿಎಚ್ ಮಾತ್ರ ಜಾಸ್ತಿ ಬಂದರೆ ಗಾಬರಿಯಾಗಿ ಸರ್ಜನ್ ಹುಡುಕಲು ಹೊರಡಬೇಡಿ. ನಮ್ಮಲ್ಲಿ ಬಹಳ ಜನರಿಗೆ ವಿಟಮಿನ್ ಡಿ ಕಡಿಮೆ. ಅದರಿಂದಲೇ ಪಿಟಿಎಚ್ ಏರುತ್ತದೆ. ಕಿಡ್ನಿ ಸೋತವರಿಗೂ ಏರುತ್ತದೆ. ಅದರ ದಾರಿಯೇ ಬೇರೆ.

ಗೋಳಿಬಜೆ (ಮಂಗಳೂರು)
ನಮ್ಮ ಮನೆಯ ಕಥೆ ಹೇಳುತ್ತೇನೆ, ಊರು ಆಸ್ಪತ್ರೆ ಬೇಡ. ನಮ್ಮ ಮಾವನಿಗೆ ಸ್ಕ್ಯಾನಿನಲ್ಲಿ ಎಡಗಡೆ ಕೆಳಗೆ ಏನೋ ಇದೆ ಅಂತ ಬಂದಿತ್ತು. ಎಡಗಡೆ ತೆರೆದರು, ಒಂದು ಗಡ್ಡೆ ತೆಗೆದರು, ಹೊಲಿದರು. ಎಲ್ಲ ಚೆನ್ನಾಗಾಯಿತು ಅಂದರು. ಬಯಾಪ್ಸಿ ಬಂತು, ಥೈರಾಯ್ಡ್ ಗಂಟು, ಪ್ಯಾರಾಥೈರಾಯ್ಡ್ ಅಂಶ ಏನೂ ಇಲ್ಲ ಅಂತ. ಕ್ಯಾಲ್ಸಿಯಂ ಇದ್ದಲ್ಲೇ ಇತ್ತು. ಕೇಳಿದರೆ "ಸ್ಕ್ಯಾನ್‌ನಲ್ಲಿ ಇದ್ದದ್ದನ್ನು ತೆಗೆದಿದ್ದೇವೆ" ಅನ್ನುವುದೇ ಉತ್ತರ. ಬಲಗಡೆ ನೋಡಿಯೇ ಇರಲಿಲ್ಲ!

ಎರಡನೇ ಸಲ ಮಾಡಿದ ಸರ್ಜನ್ ಮೊದಲು ಕೇಳಿದ್ದು ಹಳೆಯ ಆಪರೇಶನ್ ನೋಟ್ ಮತ್ತು ಬಯಾಪ್ಸಿ ರಿಪೋರ್ಟ್. ಡಿಸ್ಚಾರ್ಜ್ ಸಮ್ಮರಿ ಸಾಲದು ಅಂದರು. ಯಾವ ಗ್ರಂಥಿ ಕಂಡಿತು, ಯಾವುದು ಕಾಣಲಿಲ್ಲ ಅಂತ ಬರೆದಿರೋದು ಆ ನೋಟ್‌ನಲ್ಲಿ. ಅದನ್ನು ಪಡೆಯಲು ನಾವು ರೆಕಾರ್ಡ್ ರೂಮಿನ ಮುಂದೆ ಪಟ್ಟ ಪಾಡು ದೇವರಿಗೇ ಪ್ರೀತಿ. ಆಮೇಲೆ 4ಡಿ ಸಿಟಿ ಅಂತ ಇನ್ನೊಂದು ಸ್ಕ್ಯಾನ್ ಮಾಡಿಸಿದರು. ಗ್ರಂಥಿ ಬಲಗಡೆ ಅನ್ನನಾಳದ ಹಿಂದೆ ಕೂತಿತ್ತು.

ಮೊದಲ ಆಪರೇಶನ್ನೇ ಸರಿಯಾದವರ ಕೈಯಲ್ಲಿ ಆಗಲಿ. ಎರಡನೇ ಸಲ ಒಳಗೆಲ್ಲ ಗಾಯ ಅಂಟಿಕೊಂಡಿರುತ್ತದೆ, ಧ್ವನಿಯ ನರಕ್ಕೆ ಅಪಾಯವೂ ಹೆಚ್ಚು.

ನೇರಮಾತು
ಎಲ್ಲರೂ ಸೇರಿ ಜಿಲ್ಲೆಯ ಸರ್ಜನ್‌ಗಳನ್ನು ಬೈಯುತ್ತಿದ್ದೀರಿ. ಇಲ್ಲಿನ ಡಾಕ್ಟರು ಕಾಣದೆ ಕುಯ್ಯಲ್ಲ ಅಂದರಲ್ಲ, ಅದು ಪ್ರಾಮಾಣಿಕತೆ. ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಬಾಗಿಲು ತೆಗೆಯುವುದಕ್ಕೂ ಬಿಲ್ಲು. ದೊಡ್ಡ ಬೋರ್ಡ್ ಇದ್ದ ಮಾತ್ರಕ್ಕೆ ದೊಡ್ಡ ಸರ್ಜನ್ ಆಗಲ್ಲ. ರೊಬೋಟ್, ಕಂಕುಳಲ್ಲಿ ಗಾಯ, ಗಾಯವೇ ಇಲ್ಲ ಅಂತೆಲ್ಲ ಜಾಹೀರಾತು ನೋಡಿ ಹೋದವರನ್ನೂ ನೋಡಿದ್ದೇನೆ.

ಹುಬ್ಬಳ್ಳಿ ಅಕ್ಕ
ಯಾರನ್ನೂ ಬೈದಿಲ್ಲಪ್ಪ. "ಇದು ನನ್ನ ಕೈಲಿ ಆಗೋದಲ್ಲ, ಇಂಥವರ ಹತ್ತಿರ ಹೋಗಿ" ಅಂತ ಚೀಟಿ ಬರೆದುಕೊಟ್ಟರೆ ಕಾಲಿಗೆ ಬೀಳೋಣ. ಆರು ತಿಂಗಳು ಬಿಟ್ಟು ಬನ್ನಿ ಅಂದರೆ ಆರು ತಿಂಗಳು ಮೂಳೆ ಕರಗುತ್ತಲ್ಲ, ಅದಕ್ಕೆ ಹೇಳಿದ್ದು. ಜಾಹೀರಾತಿನ ವಿಷಯ ಮಾತ್ರ ನೂರಕ್ಕೆ ನೂರು ನಿಜ.

ಬಿಳಿಕೋಟು
ನೇರಮಾತು ಅವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಆಸ್ಪತ್ರೆಯ ಹೆಸರು ನೋಡಬೇಡಿ, ಸರ್ಜನ್ ನೋಡಿ. ಅಮೆರಿಕದ ಎಂಡೋಕ್ರೈನ್ ಸರ್ಜನ್‌ಗಳ ಸಂಘ 2016ರಲ್ಲಿ ಮಾರ್ಗಸೂಚಿ ತಂದಿತು. ಅದರಲ್ಲೂ ಅನುಭವದ ಮಾತೇ ಮುಖ್ಯ. ವರ್ಷಕ್ಕೆ 10 ಕೂಡ ಮಾಡದವರಲ್ಲಿ ಫಲ ಕಡಿಮೆ ಅನ್ನುವುದನ್ನು ಗಮನಿಸುತ್ತಾರೆ. ನುರಿತವರ ಕೈಯಲ್ಲಿ ಮೊದಲ ಆಪರೇಶನ್ 100ರಲ್ಲಿ 95ಕ್ಕೂ ಹೆಚ್ಚು ಜನರಿಗೆ ಗುಣ ಕೊಡುತ್ತದೆ.

ಯಾವ ವಿಭಾಗ ಅನ್ನುವ ಪ್ರಶ್ನೆಗೆ: ಎಂಡೋಕ್ರೈನ್ ಸರ್ಜರಿ ಅಂತಲೇ ಬೇರೆ ಓದು ಇದೆ. ಲಕ್ನೋದ ಎಸ್‌ಜಿಪಿಜಿಐ, ವೆಲ್ಲೂರಿನ ಸಿಎಂಸಿ, ಚೆನ್ನೈನ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಇದಕ್ಕೇ ವಿಭಾಗಗಳಿವೆ. ಅಲ್ಲಿ ಕಲಿತವರು ಬೇರೆ ಊರುಗಳಲ್ಲೂ ಕೆಲಸ ಮಾಡುತ್ತಾರೆ. ಹಾಗಂತ ಇಎನ್‌ಟಿ ಅಥವಾ ತಲೆ-ಕುತ್ತಿಗೆ ಕ್ಯಾನ್ಸರ್ ಸರ್ಜನ್ ಬೇಡವೇ ಬೇಡ ಅಂತಲ್ಲ. ಈ ಆಪರೇಶನ್ ಕೈಗೆ ಚೆನ್ನಾಗಿ ಕೂತಿರುವವರು ಅವರಲ್ಲೂ ಇದ್ದಾರೆ. ಡಿಗ್ರಿಗಿಂತ ಸಂಖ್ಯೆ ಕೇಳಿ. ನಿಮ್ಮ ಎಂಡೋಕ್ರೈನಾಲಜಿ ಡಾಕ್ಟರನ್ನು "ನಿಮ್ಮಮ್ಮನಿಗೆ ಆಗಿದ್ದರೆ ಯಾರ ಹತ್ತಿರ ಕಳಿಸ್ತಿದ್ರಿ?" ಅಂತ ಕೇಳಿ. ಈ ಪ್ರಶ್ನೆಗೆ ನಾವು ಸುಳ್ಳು ಹೇಳುವುದು ಕಷ್ಟ.

ಲಂಡನ್ ಕನ್ನಡಿಗ
ಇಲ್ಲಿ ಎಂಡೋಕ್ರೈನ್ ಸರ್ಜನ್‌ಗಳ ಸಂಘ ಸದಸ್ಯರ ಕೆಲಸದ ಲೆಕ್ಕ ಸಂಗ್ರಹಿಸಿ ಜನ ನೋಡುವಂತೆ ಪ್ರಕಟಿಸುತ್ತದೆ. ಇಂಥ ಸರ್ಜನ್ ಎಷ್ಟು ಮಾಡಿದರು ಅಂತ ಮನೆಯಲ್ಲೇ ಕೂತು ನೋಡಬಹುದು. ಈ ಕಾಯಿಲೆಗೆ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ 2019ರಲ್ಲಿ ಬಂದಿದೆ. ಊರಲ್ಲಿ ಅಕ್ಕ ಮಾಡಿದ ಹಾಗೆ ಬಾಯಿಬಿಟ್ಟು ಕೇಳುವುದೇ ದಾರಿ.

ಸುಮ್ನೆ ಒಂದು ವಿಷಯ. ಈ ಗ್ರಂಥಿಯನ್ನು ಮೊದಲು ಗಮನಿಸಿ ಬರೆದದ್ದು ಮನುಷ್ಯನಲ್ಲಲ್ಲ, ಭಾರತದ ಘೇಂಡಾಮೃಗದಲ್ಲಿ! ಲಂಡನ್ ಝೂನಲ್ಲಿ ಸತ್ತ ಪ್ರಾಣಿಯನ್ನು ರಿಚರ್ಡ್ ಓವನ್ ಕೊಯ್ದು ನೋಡಿದ್ದರು. ಮನುಷ್ಯನಲ್ಲಿ ಇದನ್ನು ವಿವರಿಸಿದ್ದು ಸ್ವೀಡನ್‌ನ ಐವಾರ್ ಸ್ಯಾಂಡ್‌ಸ್ಟ್ರೋಮ್, 1880ರಲ್ಲಿ. ಅಕ್ಕಿಕಾಳಿನಷ್ಟು ಗಾತ್ರ, ಮನುಷ್ಯನಲ್ಲಿ ಅಷ್ಟು ತಡವಾಗಿ ಸಿಕ್ಕಿದ್ದರಲ್ಲಿ ಆಶ್ಚರ್ಯ ಏನಿಲ್ಲ.

ಇದಕ್ಕಿಂತ ನಿಮಗೆ ಬೇಕಾದ ಕಥೆ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಅವರದು. ಅಮೆರಿಕದ ಹಡಗಿನ ಕ್ಯಾಪ್ಟನ್. ಮೂಳೆ ಸವೆದು ಎತ್ತರವೇ ಕುಗ್ಗಿಹೋಯಿತು. ಕುತ್ತಿಗೆಯಲ್ಲಿ ಮತ್ತೆ ಮತ್ತೆ ಹುಡುಕಿದರು, ಸಿಗಲಿಲ್ಲ. 1932ರಲ್ಲಿ, ಏಳನೇ ಆಪರೇಶನ್‌ನಲ್ಲಿ, ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎದೆಯೊಳಗೆ ಸಿಕ್ಕಿತು. ಅಷ್ಟರಲ್ಲಿ ಕಿಡ್ನಿ ಹಾಳಾಗಿತ್ತು, ಬಹಳ ದಿನ ಉಳಿಯಲಿಲ್ಲ.

ಗೋಳಿಬಜೆ (ಮಂಗಳೂರು)
ಕುತ್ತಿಗೆಯ ಗ್ರಂಥಿ ಎದೆಗೆ ಹೇಗೆ ಹೋಗುತ್ತದೆ ಮಾರಾಯ್ರೆ?

ಬಿಳಿಕೋಟು
ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಕೆಳಗಿನ ಎರಡು ಗ್ರಂಥಿಗಳು ಥೈಮಸ್ ಅನ್ನುವ ಇನ್ನೊಂದು ಗ್ರಂಥಿಯ ಜೊತೆ ಮೇಲಿನಿಂದ ಇಳಿದು ಬರುತ್ತವೆ. ಕೆಲವು ಬೇಗ ನಿಂತು ದವಡೆಯ ಹತ್ತಿರ ಉಳಿಯುತ್ತವೆ, ಕೆಲವು ಇಳಿಯುತ್ತಾ ಎದೆಯವರೆಗೆ ಹೋಗುತ್ತವೆ. ಥೈರಾಯ್ಡ್ ಒಳಗೇ ಹುದುಗಿರುವುದೂ ಉಂಟು. ಈ ದಾರಿ ಯಾರಿಗೆ ಬಾಯಿಪಾಠವೋ ಅವರು ಹುಡುಕುತ್ತಾರೆ. ಥೈರಾಯ್ಡ್ ದಿನಾ ಮಾಡುತ್ತೇವೆ ಅನ್ನುವುದು ಸಾಲದು ಅನ್ನುವುದು ಇದಕ್ಕೇ. ಥೈರಾಯ್ಡ್ ಇದ್ದಲ್ಲೇ ಇರುತ್ತದೆ, ಇದನ್ನು ಹುಡುಕಬೇಕು.

ತುಂಗಾತೀರ
ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಬಿಪಿ ಡಾಕ್ಟರು ಮಾತ್ರೆ ಬದಲಿಸಿದ್ದಾರೆ. ಮತ್ತೆ ರಕ್ತ, 24 ಗಂಟೆ ಮೂತ್ರ ಎರಡೂ ಆಯಿತು. ಕ್ಯಾಲ್ಸಿಯಂ 11.3, ಪಿಟಿಎಚ್ 165, ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ. ಬೆಂಗಳೂರಿನಲ್ಲಿ ಒಬ್ಬ ಎಂಡೋಕ್ರೈನ್ ಸರ್ಜನ್ ಸಿಕ್ಕಿದ್ದಾರೆ, ಮುಂದಿನ ವಾರ ಹೋಗಬೇಕು. ಅಮ್ಮ "ಡಾಕ್ಟರನ್ನ ಪರೀಕ್ಷೆ ಮಾಡೋಕೆ ನೀನ್ಯಾರೆ?" ಅಂತ ಬೈತಿದ್ದಾರೆ. ಮರ್ಯಾದೆ ಬಿಡದೆ ಏನೇನು ಕೇಳಬಹುದು?

ಹುಬ್ಬಳ್ಳಿ ಅಕ್ಕ
"ಸರ್, ಅಮ್ಮನಿಗೆ ಭಯ, ಅದಕ್ಕೇ ಕೇಳ್ತೀನಿ" ಅಂತ ಶುರು ಮಾಡಿ. ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಆಪರೇಶನ್ ನೀವೇ ಮಾಡ್ತೀರಾ, ಇಲ್ಲ ಕಲಿಯೋರು ಮಾಡಿ ನೀವು ಪಕ್ಕದಲ್ಲಿರ್ತೀರಾ ಅಂತಲೂ ಕೇಳಿ. ನಾನು ಕೇಳಿದ್ದೆ.

ಬಿಳಿಕೋಟು
ಸ್ಕ್ಯಾನ್ ಖಾಲಿ ಇರುವುದರಿಂದ ನಿಮಗೆ ಮುಖ್ಯವಾದ ಪ್ರಶ್ನೆ, ನಾಲ್ಕೂ ಗ್ರಂಥಿ ನೋಡುವ ಅಭ್ಯಾಸ ಅವರಿಗೆ ಇದೆಯಾ ಅನ್ನುವುದು. 100ರಲ್ಲಿ 80-85 ಜನರಿಗೆ ಕೆಟ್ಟಿರುವುದು ಒಂದೇ ಗ್ರಂಥಿ. ಉಳಿದವರಿಗೆ ಎರಡು ಅಥವಾ ನಾಲ್ಕೂ ಕೆಟ್ಟಿರಬಹುದು. ಕ್ಯಾನ್ಸರ್ ಬಹಳ ಅಪರೂಪ, ಶೇಕಡ 1ಕ್ಕೂ ಕಡಿಮೆ. ಒಂದೇ ಕಡೆ ಸಣ್ಣದಾಗಿ ತೆರೆಯುವುದು ಜಾಗ ಖಚಿತವಾಗಿ ಗೊತ್ತಿದ್ದಾಗ ಚೆನ್ನಾಗಿರುತ್ತದೆ. ಗೊತ್ತಿಲ್ಲದಾಗ ಎರಡೂ ಕಡೆ ನೋಡಬೇಕಾಗುತ್ತದೆ. ಅದು ಹಳೆಯ ಪದ್ಧತಿ ಅಂತ ಮೂಗು ಮುರಿಯಬೇಡಿ.

ಆಪರೇಶನ್ ನಡೆಯುತ್ತಿರುವಾಗಲೇ ಪಿಟಿಎಚ್ ನೋಡುವ ಸೌಲಭ್ಯ ಇದೆಯಾ ಕೇಳಿ. ರಕ್ತದಲ್ಲಿ ಪಿಟಿಎಚ್ ಮೂರರಿಂದ ಐದು ನಿಮಿಷಕ್ಕೆ ಅರ್ಧವಾಗುತ್ತದೆ. ಕೆಟ್ಟ ಗ್ರಂಥಿ ತೆಗೆದು ಹತ್ತು ನಿಮಿಷಕ್ಕೆ ರಕ್ತ ಕಳಿಸಿ, ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ ಕೆಲಸ ಆಯಿತು ಅಂತ ಸೂಚನೆ. ಇಳಿಯದಿದ್ದರೆ ಹುಡುಕಾಟ ಮುಂದುವರಿಯುತ್ತದೆ. ಈ ಸೌಲಭ್ಯ ಎಲ್ಲ ಕಡೆ ಇಲ್ಲ. ಇಲ್ಲದೆಯೂ ನಾಲ್ಕು ಗ್ರಂಥಿ ನೋಡಿ ಚೆನ್ನಾಗಿ ಮಾಡುವವರಿದ್ದಾರೆ.

ಗುಣವಾಯಿತು ಅಂತ ಯಾವಾಗ ಹೇಳುತ್ತೀರಿ ಅಂತಲೂ ಕೇಳಿ. ಆರು ತಿಂಗಳ ನಂತರ ಕ್ಯಾಲ್ಸಿಯಂ ಸರಿಯಿದ್ದರೆ ಅಂತ ಉತ್ತರ ಬರಬೇಕು. ಮರುದಿನವೇ ಗುಣ ಅಂತ ಬರೆದು ಕಳಿಸುವವರು ಆಮೇಲೆ ರೋಗಿಗಳ ಲೆಕ್ಕ ಇಟ್ಟಿರುವುದು ಅನುಮಾನ. ಮೂಳೆ ಎಷ್ಟು ಗಟ್ಟಿ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಆಗಿರದಿದ್ದರೆ ಸೊಂಟ, ಬೆನ್ನಿನ ಜೊತೆ ಮುಂಗೈ ಕೂಡ ಸೇರಿಸಲು ಹೇಳಿ. ಈ ಕಾಯಿಲೆಯಲ್ಲಿ ಹೆಚ್ಚು ಸವೆಯುವುದು ಅಲ್ಲೇ, ಮಾಮೂಲಿ ಡೆಕ್ಸಾದಲ್ಲಿ ಅದನ್ನು ಬಿಟ್ಟುಬಿಡುತ್ತಾರೆ.

ನೇರಮಾತು
ಖರ್ಚಿನ ಮಾತು ಯಾರೂ ಎತ್ತಲಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಈ ಆಪರೇಶನ್ ಬರುತ್ತಾ, ರೆಫರಲ್ ಎಲ್ಲಿಂದ ಬೇಕು ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಅಡ್ಮಿಟ್ ಆದ ಮೇಲೆ ಕೇಳಿದರೆ ಅಲ್ಲಿಂದಿಲ್ಲಿಗೆ ಓಡಾಟ. ಮೆಡಿಕಲ್ ಕಾಲೇಜು ಆಸ್ಪತ್ರೆಯನ್ನು ಕಡೆಗಣಿಸಬೇಡಿ, ಖರ್ಚೂ ಕಡಿಮೆ.

ತುಂಗಾತೀರ
ಹೋಗಿ ಬಂದೆವು. ಸಂಖ್ಯೆ ಕೇಳಿದೆ. ಸರ್ಜನ್ ನಕ್ಕು, ಮೇಜಿನ ಡ್ರಾಯರ್‌ನಿಂದ ಒಂದು ರಿಜಿಸ್ಟರ್ ತೆಗೆದರು. ರೋಗಿಗಳ ಹೆಸರಿನ ಕಾಲಮ್ಮನ್ನು ಬಿಳಿ ಹಾಳೆಯಿಂದ ಮುಚ್ಚಿ ಹಿಡಿದು ಪುಟ ತೋರಿಸಿದರು. ಆಪರೇಶನ್‌ಗೆ ಮುಂಚಿನ ಕ್ಯಾಲ್ಸಿಯಂ, ಮರುದಿನದ್ದು, ಆರು ತಿಂಗಳಿನದ್ದು, ಸಾಲು ಸಾಲಾಗಿ ಕೈಬರಹದಲ್ಲಿ. ಒಂದೆರಡು ಸಾಲಿಗೆ ಕೆಂಪು ಗೆರೆ ಇತ್ತು. ಅದೇನು ಅಂದೆ. "ಅವು ನನಗೆ ಸಿಗದೇ ಹೋದದ್ದು" ಅಂದರು. ಅಮ್ಮ ಆಮೇಲೆ ನನ್ನನ್ನು ಬೈಯಲಿಲ್ಲ.

ಖಾಲಿ ಬಂದ ಸ್ಕ್ಯಾನ್ ನೋಡಿ ಅವರಿಗೆ ಚಿಂತೆಯಾದಂತೆ ಕಾಣಲಿಲ್ಲ. ತಾವೇ ಅಲ್ಟ್ರಾಸೌಂಡ್ ಹಿಡಿದು ನೋಡಿದರು, ಬಲಗಡೆ ಮೇಲೆ ಅನುಮಾನ ಇದೆ ಅಂದರು. 4ಡಿ ಸಿಟಿ ಬರೆದಿದ್ದಾರೆ. ಅದರಲ್ಲಿ ಕಂಡರೂ ಕಾಣದಿದ್ದರೂ ಮಾಡ್ತೀನಿ ಅಂದರು. ಅಲ್ಲಿಯವರೆಗೆ ವಿಟಮಿನ್ ಡಿ ಅವರು ಬರೆದ ಪ್ರಮಾಣದಲ್ಲಿ. ವಾರಕ್ಕೊಂದು ಸ್ಯಾಶೆ ನಾವಾಗಿಯೇ ಕೊಡಬಾರದಂತೆ.

ಹುಬ್ಬಳ್ಳಿ ಅಕ್ಕ
ಸಿಗದೇ ಹೋದದ್ದನ್ನೂ ತೋರಿಸಿದರಲ್ಲ, ಇನ್ನು ಹುಡುಕೋದು ಬಿಡು ತಂಗಿ.

ಆಪರೇಶನ್ ಆದ ಮೇಲೆ ತುಟಿ ಸುತ್ತ, ಬೆರಳ ತುದಿ ಜುಮುಜುಮು ಅಂದರೆ ಸುಮ್ಮನಿರಬೇಡಿ, ಕ್ಯಾಲ್ಸಿಯಂ ಇಳಿದಿದೆ ಅಂತ. ಮೂಳೆ ಸವೆದವರಿಗೆ ಜಾಸ್ತಿ ಆಗುತ್ತೆ. ಹಸಿದ ಮೂಳೆ ಕ್ಯಾಲ್ಸಿಯಂ ಎಳ್ಕೊಳುತ್ತೆ ಅಂತ ನಮ್ಮ ಡಾಕ್ಟರು ಹೇಳಿದ್ದರು. ಎಷ್ಟು ಮಾತ್ರೆ, ಜುಮುಜುಮು ಅಂದರೆ ಎಷ್ಟು ಹೆಚ್ಚು, ರಾತ್ರಿ ಯಾವ ನಂಬರಿಗೆ ಫೋನು ಅಂತ ಡಿಸ್ಚಾರ್ಜ್ ದಿನ ಬರೆಸಿಕೊಳ್ಳಿ. ಕೈ ಮುದುಡಿಕೊಂಡರೆ ಫೋನ್ ಮಾಡ್ತಾ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಹೊರಟುಬಿಡಿ.

ತುಂಗಾತೀರ
ಆಯ್ತು ಅಕ್ಕ. ಅಮ್ಮ ಥೈರಾಯ್ಡ್ ಮಾತ್ರೆನೂ ತಗೋತಾರೆ, ಅದರ ಜೊತೆಗೇ ಕ್ಯಾಲ್ಸಿಯಂ ಕೊಡಬಹುದಾ?

ಬಿಳಿಕೋಟು
ಬೇಡ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕ್ಯಾಲ್ಸಿಯಂ ಅದಾಗಿ ನಾಲ್ಕು ಗಂಟೆ ಬಿಟ್ಟು. ಕಾರ್ಬೊನೇಟ್ ಆದರೆ ಊಟದ ಜೊತೆ ಕೊಡಿ.